ಮದರಾಸಿನ ಕಣ್ಣಾಸ್ಪತ್ರೆಯೂ ಹಂಪೆಯ ಸೀಮೆಯೂ

1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರುವವರೆಗೆ ಹೊಸಪೇಟೆ, ಹಂಪೆ, ಕಂಪ್ಲಿಗಳು ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುವು. ಘೋರ್ಪಡೆ ಅರಸರ ಸಂಡೂರು ಮಾತ್ರ 1949ರವರೆಗೆ ಪ್ರತ್ಯೇಕ ಸಂಸ್ಥಾನವಾಗಿದ್ದಿತು. ಆದಕಾರಣ ಈ ಸೀಮೆಯ ನೇತ್ರಚಿಕಿತ್ಸೆಯ ಪೂರ್ವಚರಿತ್ರೆಯನ್ನು ಅರಸುವವನು ಬೆಂಗಳೂರಿನ ಕಡೆಗಲ್ಲ, 1819ರಲ್ಲಿ ಸ್ಥಾಪಿತವಾದ ಮದರಾಸಿನ ಕಣ್ಣಾಸ್ಪತ್ರೆಯ ಕಡೆಗೆ ಮುಖಮಾಡಬೇಕಾಗುತ್ತದೆ.

ಅಂದು ಆ ಪ್ರಾಂತದ ಊರೂರು ಸುತ್ತುತ್ತಿದ್ದ ನಾಟಿವೈದ್ಯರು, ಪೊರೆ ಬಂದ ಕಣ್ಣಿಗೆ ಸೂಜಿಯಂಥ ಸಲಾಕೆಯನ್ನು ಚುಚ್ಚಿ, ಮಸುಕಾದ ಮಸೂರವನ್ನು ಪಾಪೆಯ ದಾರಿಯಿಂದ ಕೆಳಕ್ಕೆ ತಳ್ಳುತ್ತಿದ್ದರು. ಸುಶ್ರುತಸಂಹಿತೆಯಷ್ಟು ಪ್ರಾಚೀನವಾದ ವಿದ್ಯೆಯಿದು. ರೋಗಿಯು ಆ ಕ್ಷಣವೇ ಎದುರಿಗೆ ಹಿಡಿದ ಬೆರಳುಗಳನ್ನು ಎಣಿಸುವನು, ವೈದ್ಯನು ಹಣ ಪಡೆದು ಮುಂದಿನ ಊರಿಗೆ ನಡೆಯುವನು. ಬಳಿಕ ಎಷ್ಟೋ ಕಣ್ಣುಗಳು ಕೀವು ತುಂಬಿಯೋ, ಒಳಗಿನ ಒತ್ತಡವೇರಿ ಗ್ಲಾಕೋಮಾ ಉಂಟಾಗಿಯೋ, ಮರಳಿ ಬಾರದಂತೆ ದೃಷ್ಟಿಯನ್ನು ಕಳೆದುಕೊಳ್ಳುತ್ತಿದ್ದುವು. ಮದರಾಸಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಎಂಬ ಶಸ್ತ್ರವೈದ್ಯರು ಇಂತಹ ಕಣ್ಣುಗಳನ್ನು ಸಂಗ್ರಹಿಸಿ, ಪರೀಕ್ಷಿಸಿ, 1917ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಗ್ಲಾಕೋಮಾ ಚಿಕಿತ್ಸೆಗೆ ಜಗತ್ತಿನಾದ್ಯಂತ ಎಲಿಯಟ್ಟರ ಹೆಸರು ಅಂಟಿಕೊಂಡದ್ದು ಮಾತ್ರ ಬೇರೊಂದು ಕಾರಣದಿಂದ. ಕಣ್ಣಿನೊಳಗೆ ನಿರಂತರವಾಗಿ ಸ್ರವಿಸುವ ತಿಳಿದ್ರವವು ಹೊರಹರಿಯಲಾರದೆ ನಿಂತಾಗ ಒತ್ತಡವೇರಿ ದೃಷ್ಟಿನರವು ಕ್ಷಯಿಸುವುದಷ್ಟೆ. ಅವರು 1909ರಲ್ಲಿ, ಕಪ್ಪುಗುಡ್ಡೆಯೂ ಬಿಳಿಭಾಗವೂ ಕೂಡುವ ಅಂಚಿನಲ್ಲಿ, ಮೇಲಿನ ತೆಳುಪೊರೆಯನ್ನು ಬಿಡಿಸಿ, ದುಂಡುಬಾಯಿಯ ಕಿರುಬೈರಿಗೆಯಿಂದ ಒಂದೆರಡು ಮಿಲಿಮೀಟರಿನ ರಂಧ್ರವನ್ನು ಕೊರೆದು, ದ್ರವವು ಆ ಪೊರೆಯಡಿಗೆ ಇಳಿಯುವಂತೆ ಮಾಡಿದರು. ಸೋಂಕಿನ ಭಯವಿದ್ದುದರಿಂದ ಮುಂದೆ, 1968ರ ಸುಮಾರಿಗೆ, ರಂಧ್ರದ ಮೇಲೆ ಮುಚ್ಚಳವನ್ನುಳಿಸುವ ಸುಧಾರಿತ ಕ್ರಮವು ಅದರ ಸ್ಥಾನಕ್ಕೆ ಬಂದಿತು.

ಕಂಪ್ಲಿಯ ಗದ್ದೆಯ ರೈತನಿಗೆ ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಸೇರಬೇಕಾದ ಆ ಮದರಾಸು ದೂರವೇ ಆಗಿದ್ದಿತು. ಆದರೆ ನನ್ನ ಎಣಿಕೆಯಲ್ಲಿ ದೂರಕ್ಕಿಂತಲೂ ಕ್ರೂರವಾದುದು ಈ ವ್ಯಾಧಿಯ ಮೌನ: ಬಹುಪಾಲು ರೋಗಿಗಳಿಗೆ ನೋವಿಲ್ಲ, ಕೆಂಪಿಲ್ಲ, ಪಕ್ಕದ ನೋಟವು ಮೊದಲು ಕುಗ್ಗುವುದರಿಂದ, ಎದುರಿನದು ಕಾಣುತ್ತಿರುವಷ್ಟು ಕಾಲ ಸಂದೇಹವೇ ಹುಟ್ಟದು. ಪೊರೆಯಿಂದ ಹೋದ ದೃಷ್ಟಿಯನ್ನು ಮರಳಿ ಪಡೆಯಬಹುದು. ಇದರಿಂದ ಹೋದುದು ಹೋದುದೇ.

1961ರಲ್ಲಿ ಬಳ್ಳಾರಿಗೇ ವೈದ್ಯಕೀಯ ಕಾಲೇಜು ಬಂದಿತು. ದೂರದ ನೆಪ ಇಂದು ಸಲ್ಲದು. ನಲವತ್ತು ದಾಟಿದವರು, ಅದರಲ್ಲಿಯೂ ತಂದೆತಾಯಿ ಒಡಹುಟ್ಟಿದವರಲ್ಲಿ ಈ ಬೇನೆಯಿರುವವರು, ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷಿಸಿಕೊಳ್ಳಬೇಕು. ಸ್ಟೆರಾಯ್ಡ್ ಬೆರೆತ ಹನಿಗಳನ್ನು ಅಂಗಡಿಯಿಂದ ತಾವೇ ಕೊಂಡು ಹಾಕಿಕೊಳ್ಳಬಾರದು. ವೈದ್ಯರು ಬರೆದುಕೊಟ್ಟ ಹನಿಗಳನ್ನು, ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದರೂ, ತಾವಾಗಿ ನಿಲ್ಲಿಸಬಾರದು.