ಮೇಲಾಕಾಶದ ಆಮ್ಲಹನಿಗಳು: ಕಡುಶೀತದಲ್ಲೂ ಹೆಪ್ಪುಗಟ್ಟದಿರಲು ಕಾರಣಗಳು

ಶುದ್ಧ ಸಲ್ಫ್ಯೂರಿಕ್ ಆಮ್ಲ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಘನವಾಗುತ್ತದೆ. ಮೈಸೂರಿನ ಪಶ್ಚಿಮದಂಚಿನ ಬೋಗಾದಿಯಲ್ಲಿ ಮಾಗಿಯ ಚಳಿಯೂ ಸಾಮಾನ್ಯವಾಗಿ ಅಷ್ಟು ಇಳಿಯುವುದಿಲ್ಲ. ಆದರೆ ಅದೇ ಬೋಗಾದಿಯ ನೆತ್ತಿಯ ಮೇಲೆ, 16-17 ಕಿ.ಮೀ. ಎತ್ತರದಲ್ಲಿ, ತಾಪಮಾನ ಮೈನಸ್ 80 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ಎತ್ತರದ ಆಮ್ಲಹನಿಗಳು ಮಾತ್ರ ಬಹುಪಾಲು ದ್ರವವಾಗಿಯೇ ಉಳಿಯುತ್ತವೆ. ಈ ವೈರುಧ್ಯವನ್ನು ಬಿಡಿಸಿದ್ದು ಪ್ರಯೋಗಾಲಯ.

ವಾಯುಮಂಡಲದಲ್ಲಿ ಇಂಥ ಹನಿಗಳಿಂದಾದ ಗಂಧಕದ ಪದರವನ್ನು 1960ರ ಸುಮಾರಿಗೆ ವಿಜ್ಞಾನಿ ಕ್ರಿಶ್ಚಿಯನ್ ಯುಂಗ ಗುರುತಿಸಿದರು. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಒಂದೂವರೆಯಿಂದ ಎರಡು ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಉಗುಳಿದಾಗ ಅದು ಹಲವು ಪಟ್ಟು ದಟ್ಟವಾಯಿತು.

ಒಂದೇ ಹನಿಯನ್ನು ವಿದ್ಯುತ್ ಕ್ಷೇತ್ರದಲ್ಲಿ, ಯಾವ ಗೋಡೆಗೂ ತಾಗದಂತೆ, ತೇಲಿಸಿ ತಂಪಾಗಿಸುವುದು ಇಂಥ ಹನಿಗಳನ್ನು ಅರಿಯಲು ಪ್ರಯೋಗಾಲಯ ಬಳಸುವ ಸೂಕ್ಷ್ಮ ವಿಧಾನ. ತಂಪಾದಂತೆ ಹನಿ ಸುತ್ತಲಿನ ನೀರಾವಿಯನ್ನು ಹೀರಿ ಉಬ್ಬುತ್ತದೆ. ಮೇಲಾಕಾಶದ ಒಣಹವೆಯಲ್ಲಿ, ಮೈನಸ್ 50ರ ಹತ್ತಿರ ತೂಕದಲ್ಲಿ ಸುಮಾರು ಮುಕ್ಕಾಲು ಪಾಲಿದ್ದ ಆಮ್ಲ, ಮೈನಸ್ 80ರ ಹೊತ್ತಿಗೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅಂದರೆ ತಂಪಾಗುತ್ತಿರುವುದು ಶುದ್ಧ ಆಮ್ಲವಲ್ಲ, ಕ್ಷಣಕ್ಷಣಕ್ಕೂ ಬದಲಾಗುವ ದ್ರಾವಣ. ಅದು ಜೇನಿನಂತೆ ಮಂದವಾಗುವುದರಿಂದ ಹರಳು ಬೆಳೆಯುವುದೂ ನಿಧಾನ.

ಗಾತ್ರದ ಪಾತ್ರ ಇನ್ನೂ ದೊಡ್ಡದು. ಒಂದು ಮಿಲಿಲೀಟರ್ ಆಮ್ಲವನ್ನು ಒಂದು ಮೈಕ್ರಾನ್ ವ್ಯಾಸದ ಹನಿಗಳಾಗಿ ಒಡೆದರೆ ಸುಮಾರು ಎರಡು ಲಕ್ಷ ಕೋಟಿ ಹನಿಗಳಾಗುತ್ತವೆ. ಪ್ರನಾಳದಲ್ಲಿ ಒಂದೇ ಒಂದು ಧೂಳಿನ ಕಣ ಇಡೀ ದ್ರವವನ್ನು ಹೆಪ್ಪುಗಟ್ಟಿಸಬಲ್ಲದು. ಒಡೆದ ಹನಿಗಳಲ್ಲಾದರೆ ಅದು ಒಂದು ಹನಿಯನ್ನು ಮಾತ್ರ ಕೆಡಿಸೀತು. ಆದ್ದರಿಂದ ಪ್ರನಾಳದ ಫಲಿತಾಂಶವನ್ನು ನೇರವಾಗಿ ಆಕಾಶಕ್ಕೆ ಅನ್ವಯಿಸುವಂತಿಲ್ಲ.

ದ್ರವವೋ ಘನವೋ ಎಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಓಝೋನನ್ನು ಕೆಡಿಸುವ ಕ್ಲೋರಿನ್ ಸಂಯುಕ್ತಗಳು ಹನಿಯ ಮೈಮೇಲೆ ಎಷ್ಟು ಬೇಗ ವರ್ತಿಸುತ್ತವೆ, ಹಿಮಮೋಡ ಎಲ್ಲಿ ಹುಟ್ಟುತ್ತದೆ ಎಂಬುದೂ ಅದನ್ನೇ ಅವಲಂಬಿಸಿದೆ. ಏಷ್ಯಾದ ಮುಂಗಾರಿನಲ್ಲಿ 13ರಿಂದ 18 ಕಿ.ಮೀ. ಎತ್ತರದಲ್ಲಿ ಕೂಡುವ ಕಣಪದರವನ್ನು ಅರಿಯಲು ಹೈದರಾಬಾದಿನಿಂದ ಬಲೂನುಗಳು ಹಾರಿವೆ. ಬೋಗಾದಿಗೆ ಅಂಟಿಕೊಂಡಿರುವ ಮೈಸೂರು ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗಕ್ಕೂ ವಾತಾವರಣದ ವಿದ್ಯುತ್ ವಾಹಕತೆ, ರೇಡಾನ್ ಅಳೆದ ಅನುಭವವಿದೆ. ಬಲೂನು ಕಣಗಳನ್ನು ಎಣಿಸಿ ಕೊಡುತ್ತದೆ. ಆ ಎಣಿಕೆಯ ಅರ್ಥ ತಿಳಿಯಬೇಕಾದರೆ ತೇಲುವ ಒಂದು ಹನಿಯ ಮುಂದೆ ತಾಳ್ಮೆಯಿಂದ ಕೂರುವ ಶೀತ ಪ್ರಯೋಗಾಲಯಗಳು ನಮ್ಮ ವಿಶ್ವವಿದ್ಯಾನಿಲಯಗಳಲ್ಲೂ ಬೇಕು.