ಕಟ್ಟುವ ಮೊದಲೇ ಒಳಹೊಕ್ಕು ನೋಡುವುದು: ಆರಂಭಿಕ ವಿನ್ಯಾಸದ ಪರಿಶೀಲನೆಯಲ್ಲಿ ವಿಆರ್ ಮತ್ತು ಎಆರ್

ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗಕ್ಕೆಂದು ಕಟ್ಟಿದ ಸಿಟರ್ಸನ್ ಹಾಲ್ 1987ರಲ್ಲಿ ಸಿದ್ಧವಾಯಿತು. ಅದಿನ್ನೂ ನಕ್ಷೆಯಲ್ಲಿದ್ದಾಗಲೇ ಅದೇ ವಿಭಾಗದ ಪ್ರಾಧ್ಯಾಪಕ ಫ್ರೆಡರಿಕ್ ಬ್ರೂಕ್ಸ್ ಅವರ ತಂಡ ಕಂಪ್ಯೂಟರಿನಲ್ಲಿ ಅದರ ಮೂರು ಆಯಾಮದ ಮಾದರಿ ರಚಿಸಿ, ಒಳಗೆಲ್ಲ ಅಡ್ಡಾಡಿದಂತೆ ನೋಡುವ ಏರ್ಪಾಟು ಮಾಡಿತ್ತು. ಲಾಬಿಯ ಒಂದು ಅಡ್ಡಗೋಡೆಯಿಂದ ಜಾಗ ಇಕ್ಕಟ್ಟಾಗುತ್ತದೆ ಎಂದು ಮುಂದೆ ಅಲ್ಲಿ ಕೆಲಸ ಮಾಡಬೇಕಿದ್ದವರು ಹೇಳಿದರು. ವಾಸ್ತುಶಿಲ್ಪಿಗಳು ಮೊದಲು ಒಪ್ಪಲಿಲ್ಲ. ಮಾದರಿಯೊಳಗೆ ತಾವೂ ಸುತ್ತಿ ಬಂದ ಮೇಲೆ ಗೋಡೆ ಸರಿಸಿದರು.

ವರ್ಚುವಲ್ ರಿಯಾಲಿಟಿಯ (ವಿಆರ್) ಪರವಾಗಿ ಈ ಪ್ರಸಂಗವನ್ನು ಮತ್ತೆ ಮತ್ತೆ ಉದಾಹರಿಸಲಾಗುತ್ತದೆ. ಆದರೆ ಇಂದು ಹೆಡ್‌ಸೆಟ್ ತೊಟ್ಟವರೊಬ್ಬರು 'ಇಕ್ಕಟ್ಟು' ಎಂದರೆ, ದೋಷ ಗೋಡೆಯದೋ ಉಪಕರಣದ್ದೋ ಎಂದು ಕೇಳಲೇಬೇಕು. ವಿಆರ್‌ನಲ್ಲಿ ನೋಡುಗನಿಂದ ವಸ್ತುವಿಗಿರುವ ದೂರ ಇದ್ದದ್ದಕ್ಕಿಂತ ಕಡಿಮೆಯಾಗಿ ತೋರುತ್ತದೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ರೆನ್ನರ್ ಮತ್ತು ಸಂಗಡಿಗರ 2013ರ ಸಮೀಕ್ಷೆಯ ಪ್ರಕಾರ ಜನರ ಅಂದಾಜು ಸರಾಸರಿ ನಿಜ ದೂರದ ಶೇ. 74ರಷ್ಟು. ಹೊಸ ಹೆಡ್‌ಸೆಟ್‌ಗಳಲ್ಲಿ ಈ ಕೊರತೆ ತಗ್ಗಿದೆ, ಪೂರ್ತಿ ನೀಗಿಲ್ಲ. ಆದ್ದರಿಂದ 'ಈ ಕೋಣೆ ಸಾಕೇ?' ಎಂಬ ಪ್ರಶ್ನೆಗೆ ವಿಆರ್ ಕೊಡುವ ಉತ್ತರವನ್ನು ನೆಚ್ಚುವಂತಿಲ್ಲ. 'ಈ ಎರಡರಲ್ಲಿ ಯಾವುದು ವಾಸಿ?' ಎಂದು ಕೇಳಿದರೆ ದೋಷ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಉತ್ತರಕ್ಕೆ ತೂಕವಿದೆ.

ಇಂಟರಾಂಟ್ ಮತ್ತು ಸಂಗಡಿಗರು 2006ರಲ್ಲಿ ಒಂದು ಕುತೂಹಲದ ಸಂಗತಿ ತೋರಿಸಿದರು: ತಾನು ನಿಂತಿರುವ ಕೋಣೆಯದೇ ತದ್ರೂಪು ಹೆಡ್‌ಸೆಟ್‌ನಲ್ಲಿ ಕಂಡಾಗ ದೂರದ ಅಂದಾಜು ಅಷ್ಟಾಗಿ ತಪ್ಪುವುದಿಲ್ಲ. ಸುತ್ತಲಿನ ನಿಜ ಜಾಗವನ್ನು ಮರೆಮಾಡದ ಆಗ್ಮೆಂಟೆಡ್ ರಿಯಾಲಿಟಿಗೆ (ಎಆರ್) ಇಲ್ಲೇ ಅವಕಾಶವಿದೆ. ಸೈಟಿನಲ್ಲಿ ಸುಣ್ಣದ ಪುಡಿಯಿಂದ ಗುರುತು ಹಾಕಿದ ದಿನ 'ರೂಮು ಇಷ್ಟೇನಾ?' ಎಂದು ಮನೆಯವರು ಗಾಬರಿಯಾಗುವುದು ನಮ್ಮಲ್ಲಿ ಮಾಮೂಲು. ಆ ಗೆರೆಯ ಮೇಲೆ ಗೋಡೆ ಎಬ್ಬಿಸಿ ತೋರಿಸುವುದು ಎಆರ್‌ಗೆ ಸಾಧ್ಯ. ಅಡಚಣೆಗಳೂ ಉಂಟು. ಪಾರದರ್ಶಕ ಗಾಜಿನ ಸಾಮಾನ್ಯ ಎಆರ್ ಕನ್ನಡಕ ಬೆಳಕನ್ನು ಸೇರಿಸಬಲ್ಲದೇ ಹೊರತು ಕಳೆಯಲಾರದು. ಕಪ್ಪು ಗ್ರಾನೈಟಿನ ಗೋಡೆ ಅದರಲ್ಲಿ ಕಾಣುವುದೇ ಇಲ್ಲ, ಬಿಸಿಲಿನಲ್ಲಿ ಉಳಿದದ್ದೂ ಮಸುಕು.

ಮಾದರಿಗೆ ಎಷ್ಟು ಮೆರುಗು ಬೇಕೆಂಬುದು ನನ್ನ ದೃಷ್ಟಿಯಲ್ಲಿ ಉಪಕರಣದ ಈ ಮಿತಿಗಳಿಗಿಂತ ದೊಡ್ಡ ಪ್ರಶ್ನೆ. ಆರಂಭದಲ್ಲೇ ಅಮೃತಶಿಲೆಯ ನೆಲ, ಸಂಜೆಬೆಳಕು ಕೂಡಿಸಿದರೆ ಮಾತೆಲ್ಲ ಅವುಗಳ ಸುತ್ತಲೇ ತಿರುಗುತ್ತದೆ. ಬಾಗಿಲು ತಪ್ಪು ಗೋಡೆಯಲ್ಲಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಗ್ರಾಹಕರ ಒಪ್ಪಿಗೆ ಗಿಟ್ಟಿಸುವುದೇ ಉದ್ದೇಶವಾದರೆ ಅದೇ ಅನುಕೂಲ, ಆ ಮಾತು ಬೇರೆ. ಪರೀಕ್ಷೆಗೆ ಬಣ್ಣವಿಲ್ಲದ ಬೂದು ಮಾದರಿ ಸಾಕು. ಅಭಿಪ್ರಾಯ ಕೇಳುವ ಬದಲು ಕೆಲಸ ಕೊಡಬೇಕು. ಆಸ್ಪತ್ರೆಯ ವಾರ್ಡಾದರೆ ದಾದಿಯೊಬ್ಬರು ಸ್ಟ್ರೆಚರನ್ನು ಮಂಚದ ಪಕ್ಕಕ್ಕೆ ತಂದು, ತಿರುಗಿಸಿ, ಹೊರಗೆ ಒಯ್ಯಲಿ. ಹೋಲಿಸಬೇಕಾದ ಎರಡು ವಿನ್ಯಾಸಗಳಲ್ಲೂ ಅವರು ಎಲ್ಲಿ ತಡೆದು ನಿಂತರು, ಎಲ್ಲಿ ಹಿಂದಕ್ಕೆ ಸರಿದರು ಎಂಬುದನ್ನು ನಕ್ಷೆಯ ಮೇಲೇ ಗುರುತಿಸಿಕೊಳ್ಳಬಹುದು.