ಕನ್ನಡದಲ್ಲಿ ಮಾತಾಡಿದ ಮಹಾಭಾರತ

1988ರಲ್ಲಿ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ದೂರದರ್ಶನದಲ್ಲಿ ಆರಂಭವಾದಾಗ, ಹಿಂದಿ ಬಾರದ ಕನ್ನಡಿಗರೂ ಭಾನುವಾರ ಟಿ.ವಿ. ಮುಂದೆ ಕೂತರು. ಕಥೆ ಗೊತ್ತಿದ್ದುದರಿಂದ ಮಾತು ತಿಳಿಯದಿದ್ದರೂ ನಡೆಯಿತು. ಆದರೆ ಅದೇ ಧಾರಾವಾಹಿ ಕನ್ನಡದಲ್ಲಿ ಏಕೆ ಬರಬಾರದು?

ಇದಕ್ಕೆ ಉತ್ತರ 1960ರ ದಶಕದಲ್ಲಿದೆ. ಆಗ ಪರಭಾಷಾ ಚಿತ್ರಗಳು ಕನ್ನಡಕ್ಕೆ ಡಬ್ ಆಗಿ ಬರುತ್ತಿದ್ದವು; ಕನ್ನಡದ್ದೇ ಆದ ಚಿತ್ರಗಳು ಕಡಿಮೆ. ಇಲ್ಲಿನ ಕಲಾವಿದರು, ತಂತ್ರಜ್ಞರು ಕೆಲಸವಿಲ್ಲದೆ ಕೂರಬೇಕಾದೀತೆಂದು ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ಚಳವಳಿ ಹೂಡಿದರು. ಡಬ್ಬಿಂಗ್ ನಿಂತಿತು. ಕಾನೂನಿನ ನಿಷೇಧವೇನೂ ಇರಲಿಲ್ಲ. ಅದು ಉದ್ಯಮದ ಕಟ್ಟುಪಾಡು. ಮುಂದೆ ಅದು ಕಿರುತೆರೆಗೂ ಅನ್ವಯಿಸಿತು.

2012ರಲ್ಲಿ ಆಮೀರ್ ಖಾನ್ ಅವರ ‘ಸತ್ಯಮೇವ ಜಯತೆ’ ತಮಿಳು, ತೆಲುಗು, ಮಲಯಾಳಂಗಳಲ್ಲಿ ಪ್ರಸಾರವಾಯಿತು. ಕನ್ನಡ ವಾಹಿನಿಗಳಲ್ಲಿ ಬರಲಿಲ್ಲ. ಭಾಷೆಯನ್ನು ಕಾಯಬೇಕಾದ ಕಟ್ಟುಪಾಡೇ ಕನ್ನಡಿಗರನ್ನು ಹಿಂದಿಯತ್ತ ದೂಡುತ್ತಿದೆ ಎಂದು ಹಲವು ವೀಕ್ಷಕರು ವಾದಿಸಿದರು. ಹೊಟ್ಟೆಪಾಡಿನ ಪ್ರಶ್ನೆ ಹಾಗೆಯೇ ಉಳಿದಿದೆ ಎಂದು ಕಲಾವಿದರು ಮರುನುಡಿದರು. ಎರಡರಲ್ಲೂ ಹುರುಳಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ತಡೆ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು.

2020ರಲ್ಲಿ ಕೊರೊನಾದಿಂದ ಧಾರಾವಾಹಿಗಳ ಚಿತ್ರೀಕರಣ ನಿಂತಾಗ, 2013ರಲ್ಲಿ ಹಿಂದಿಯಲ್ಲಿ ತಯಾರಾಗಿದ್ದ ಮತ್ತೊಂದು ‘ಮಹಾಭಾರತ’ ಕನ್ನಡದಲ್ಲಿ ಮಾತಾಡತೊಡಗಿತು. ಹಳ್ಳಿಯ ಅಜ್ಜಿಗೂ ಕೃಷ್ಣನ ಮಾತು ತಿಳಿಯಿತು.

ಹತ್ತನೆಯ ಶತಮಾನದಲ್ಲಿ ಪಂಪ, ಬಳಿಕ ಕುಮಾರವ್ಯಾಸ ಭಾರತವನ್ನು ಕನ್ನಡಕ್ಕೆ ತಂದರು. ತಂದವರು ಅದನ್ನು ಕನ್ನಡದ್ದೇ ಆಗಿಸಿದರು. ಪರರ ತುಟಿಗೆ ನಮ್ಮ ಮಾತು ಹೊಂದಿಸಿದರೆ ಅರ್ಥ ಮನೆಗೆ ಬರುತ್ತದೆ. ಕಥೆಯನ್ನು ನಮ್ಮದಾಗಿ ಕಟ್ಟುವ ಕೆಲಸ ಮಾತ್ರ ಬೇರೆಯೇ ಉಳಿಯುತ್ತದೆ.